ಗೋಡೆಗೆ ಬಿದ್ದ ಏಟುಗಳು

ಅಪ್ಪ ಒಂದೇ ಜೋಡಿಯ ಎರಡೂ ಬಾಕ್ಸಿಂಗ್ ಗ್ಲೌಸಿಗೆ ಎಡಗೈ ಗ್ಲೌಸಿನ ಹೆಬ್ಬೆರಳನ್ನೇ ಹೊಲಿದಿಟ್ಟಿದ್ದು ಮಗಳ ತಲೆಯನ್ನು ಹುಳದಂತೆ ಕೊರೆಯುತ್ತಿತ್ತು.

ಬಾಕ್ಸಿಂಗ್ ಶಾಲೆಯಲ್ಲಿ ಎಲ್ಲರೂ ಅವನನ್ನು 'ಗೋಡೆ' ಎನ್ನುತ್ತಿದ್ದರು. ಸ್ಪರ್ಧೆಗೆ ಹೋಗುವವರ ಅಭ್ಯಾಸಕ್ಕೆ ಎದುರು ನಿಂತು ಏಟು ತಿನ್ನುವುದೇ ಅವನ ಕೆಲಸ. ಆ ಸಂಬಳದಲ್ಲೇ ಮಗಳು ಓದಿದ್ದು. ವಯಸ್ಸಾದ ಮೇಲೆ ಅಲ್ಲೇ ಮೂಲೆಯಲ್ಲಿ ಕೂತು ಹರಿದ ಗ್ಲೌಸ್ ಹೊಲಿಯುತ್ತಿದ್ದ.

ಈಚೆಗೆ ಹೇಳಿದ್ದನ್ನೇ ಹೇಳುತ್ತಿದ್ದ. ಮನೆಯಲ್ಲಿ ಎಂದೂ ದನಿ ಎತ್ತದವನು, ಮೊನ್ನೆ ಮೊಮ್ಮಗು ಚಮಚ ಬಡಿದಿದ್ದಕ್ಕೆ ತಟ್ಟೆ ಎಸೆದ. ಆಮೇಲೆ ತಾನೇ ಅತ್ತ. ಮಗು ಸೀನಿದರೂ ಡಾಕ್ಟರಿಗೆ ಫೋನ್ ಮಾಡುವ ಅವಳು, ಅಪ್ಪನ ವಿಷಯಕ್ಕೆ ಮಾತ್ರ ವಯಸ್ಸಿನ ನೆಪ ಹೇಳಿಕೊಂಡು ಸುಮ್ಮನಿದ್ದಳು.

"ಅಪ್ಪಾ, ಎರಡೂ ಎಡಗೈದಾಗಿದೆಯಲ್ಲ?"

"ಎದುರಾಳಿ ತಬ್ಬಿಬ್ಬಾಗ್ಲಿ ಬಿಡೇ!" ಎಂದು ನಕ್ಕ. ನಗು ನಿಂತ ಮೇಲೆ, "ತಲೆಯೊಳಗೆ ಮಂಜು ಕವಿದ ಹಾಗಿರತ್ತೆ ಕಣೇ. ನಂದು ಕಬ್ಬಿಣದ ತಲೆ ಅಂದ್ಕೊಂಡಿದ್ದೆ," ಎಂದ.

"ಕಬ್ಬಿಣಕ್ಕೂ ತುಕ್ಕು ಹಿಡಿಯತ್ತಪ್ಪ. ತೋರಿಸೋಣ ಬಾ."

"ಗೋಡೆ ಬಿತ್ತು ಅಂತ ಆಡ್ಕೋತಾರೆ."

"ಆ ಗೋಡೆಗೆ ಒರಗಿಕೊಂಡೇ ನಾನು ಬೆಳೆದಿದ್ದು. ಈಗ ಸ್ವಲ್ಪ ನೀನು ನನಗೆ ಒರಗು."

ಅವನು ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟು, ಅವಳ ಕಂಕುಳಲ್ಲಿದ್ದ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದ. ಅವಳು ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿ, ಮಿದುಳಿನ ಡಾಕ್ಟರ ಆಸ್ಪತ್ರೆಗೆ ಫೋನ್ ಮಾಡಿದಳು.

"ಏನು ತೊಂದರೆ?" ಎಂದು ಆ ಕಡೆಯವರು ಕೇಳಿದರು.

"ಮರೆವು, ಸಿಟ್ಟು. ಮತ್ತೆ ಇದನ್ನ ಮರೀದೇ ಬರ್ಕೊಳ್ಳಿ: ನಮ್ಮಪ್ಪ ವರ್ಷಗಟ್ಟಲೆ ತಲೆಗೆ ಏಟು ತಿಂದಿದ್ದಾರೆ. ನನ್ನನ್ನ ಓದಿಸೋಕೆ."