ಭಾಷಣ ಕೂಟದಲ್ಲಿ ನಾನು ಎದ್ದು ನಿಂತ ಸಂಜೆ

ಪುಟ್ಟಿ, ಚಿನ್ನೂ, ನಿಮ್ಮ ಅಮ್ಮ ಏಳನೇ ಕ್ಲಾಸಿಗೇ ಶಾಲೆ ಬಿಟ್ಟದ್ದು ಯಾಕೆ ಎಂದು ಎಷ್ಟೋ ಸಲ ಕೇಳಿದ್ದೀರಿ. ಪ್ರತಿ ಸಲವೂ ಈ ಅಜ್ಜಿ ಮಾತು ಮರೆಸಿದ್ದಾಳೆ. ಬಾಯಲ್ಲಿ ಹೇಳಲಾರದ್ದನ್ನು ಈಗ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆ. ನಿಮ್ಮ ಅಜ್ಜ ತೀರಿಕೊಂಡು ಎಂಟು ತಿಂಗಳಾಗಿತ್ತು. ನಾನೂ ನಿಮ್ಮ ಅಮ್ಮನೂ ಸಂತೇಬೆನ್ನೂರು ಬಿಟ್ಟು ಚನ್ನಗಿರಿಗೆ ಬಂದು ನನ್ನ ಅಣ್ಣನ ಮನೆಯಲ್ಲಿದ್ದೆವು. ಅತ್ತಿಗೆ ಕೆಟ್ಟವಳಲ್ಲ. ಆದರೆ ಒಂದು ದಿನ ಅಕ್ಕಿ ಆರಿಸುತ್ತಾ, "ಹುಡುಗಿ ಏಳನೇದು ಮುಗಿಸ್ಲಿ. ಆಮ್ಯಾಲೆ ನಮ್ಮ ಕೂಸು ನೋಡ್ಕಂಡು ಮನೆಯಾಗೇ ಇರ್ಲಿ" ಅಂದಳು. ಅನ್ನ ಹಾಕುವವರಿಗೆ ನಾನೇನು ಎದುರು ಹೇಳಲಿ?

ಆಗಲೇ ಪಕ್ಕದ ಮನೆಯ ಅಕ್ಕ ಸುದ್ದಿ ತಂದದ್ದು. ಹೆಂಗಸರ ಸಂಘದವರು ಬಾಲವಾಡಿ ತೆರೆಯುತ್ತಿದ್ದರು. ಚಿಕ್ಕ ಮಕ್ಕಳಿಗೆ ಕಲಿಸಲು ಟೀಚರು ಬೇಕು, ಏಳನೇ ಕ್ಲಾಸು ಪಾಸಾಗಿದ್ದರೆ ಸಾಕು. ಸಂಘ ನಡೆಸುತ್ತಿದ್ದವರು ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಎಲ್ಲರೂ ಅವರನ್ನು ದೊಡ್ಡ ಮೇಡಂ ಅನ್ನುತ್ತಿದ್ದರು. ಹೆಂಗಸರಿಗೆ ಭಾಷಣ ಕಲಿಸಲು ಪ್ರತಿ ಶನಿವಾರ ಸಂಜೆ ಒಂದು ಕೂಟವನ್ನೂ ನಡೆಸುತ್ತಿದ್ದರು.

"ಓದು ಐತೆ, ಸರಿ. ತಾಯಂದಿರ ಮುಂದೆ ನಿಂತು ಮಾತಾಡಾಕೆ ಬರಬೇಕಲ್ಲಮ್ಮ," ಅಂದರು ಮೇಡಂ, ನಾನು ಕೆಲಸ ಕೇಳಲು ಹೋದಾಗ. "ಶನಿವಾರ ಬಂದು ಐದು ನಿಮಿಷ ಮಾತಾಡು. ಕೆಲಸ ನಿನ್ನದೇ."

ಕೆಲಸ ಸಿಕ್ಕರೆ ಒಂದು ಕೋಣೆ ಬಾಡಿಗೆಗೆ ಹಿಡಿಯಬಹುದು, ಮಗಳು ಹೈಸ್ಕೂಲಿಗೆ ಹೋಗಬಹುದು. ಮಕ್ಕಳ ಊಟದ ಬಗ್ಗೆ ಒಂದೂವರೆ ಪುಟ ಬರೆದು ಬಾಯಿಪಾಠ ಮಾಡಿದೆ. ನಿಮ್ಮ ಅಮ್ಮನೇ ಎದುರು ಕೂತು ತಪ್ಪು ತಿದ್ದಿದಳು.

ಶನಿವಾರ ಶಾಲೆಯ ಕೋಣೆಯಲ್ಲಿ ಇಪ್ಪತ್ತು ಹೆಂಗಸರು ಮಕ್ಕಳ ಬೆಂಚುಗಳಲ್ಲಿ ಇಕ್ಕಟ್ಟಾಗಿ ಕೂತಿದ್ದರು. ಒಬ್ಬಾಕೆ ಸೂಳೆಕೆರೆಯ ನೀರಾವರಿಯ ಬಗ್ಗೆ ಶುರು ಮಾಡಿ ತನ್ನ ಅತ್ತೆಯ ಮೇಲೆ ಮುಗಿಸಿದಳು. "ನಿಮ್ಮ ಸೂಳೆಕೆರೆ ನೀರು ಕೊನಿಗೆ ನಿಮ್ಮತ್ತೆ ಮನಿಗೇ ಹರೀತಲ್ರೀ!" ಎಂದು ಯಾರೋ ಅಂದರು. ನಾನೂ ನಕ್ಕೆ.

ಆಮೇಲೆ ನನ್ನನ್ನು ಕರೆದರು. ಅಲ್ಲಿ ಎಲ್ಲರೂ ಮೊದಲು ತಮ್ಮ ಹೆಸರು, ಊರು, ಗಂಡನ ಹೆಸರು ಗಟ್ಟಿಯಾಗಿ ಹೇಳಬೇಕಿತ್ತು. ನನ್ನ ಹೆಸರು ಹೇಳಿದೆ, ಊರು ಹೇಳಿದೆ, ಅಲ್ಲಿಗೆ ನಿಂತೆ. ನಿಮ್ಮ ಅಜ್ಜನ ಹೆಸರನ್ನು ನಾನು ಯಾವತ್ತೂ ಬರೀ ಬಾಯಲ್ಲಿ ಹೇಳಿದವಳಲ್ಲ. ಮದುವೆಯ ದಿನ ಬಾಗಿಲು ತಡೆದು ಕೇಳಿದಾಗ, ಸೀಮಂತದಲ್ಲಿ, ಒಡಪು ಕಟ್ಟಿ ಎರಡು ಸಾಲಿನ ನಡುವೆ ಇಟ್ಟು ಹೇಳಿದ್ದಷ್ಟೇ. ನನ್ನ ನಾಲಿಗೆಗೆ ಬೇರೆ ದಾರಿ ಗೊತ್ತಿರಲಿಲ್ಲ.

"ಹೇಳಮ್ಮ, ಯಜಮಾನರ ಹೆಸರು," ಅಂದರು ದೊಡ್ಡ ಮೇಡಂ.

"ಕೆರೆ ಏರಿ ಮ್ಯಾಲೆ ಹುಣಸೆಮರದ ನೆರಳು..." ಬಾಯಿ ತಾನೇ ಶುರು ಮಾಡಿತು. ಆಮೇಲೆ ಅವರ ಹೆಸರು. ಅದರ ಹಿಂದೆಯೇ, "...ರಾಯರಿಂದ ತುಂಬೈತೆ ನನ್ನ ಕೊರಳು."

"ಭಲೇ! ಇನ್ನೊಂದು ಹೇಳ್ರೀ, ಇನ್ನೊಂದು!" ಹೆಂಗಸರು ಬೆಂಚು ಬಡಿದರು.

ಹಿಂದಿನಿಂದ ಒಬ್ಬ ಅಜ್ಜಿ, "ಸುಮ್ಕಿರ್ರೇ! ಆ ಹುಡುಗಿಗೆ ಗಂಡ ಇಲ್ಲ" ಅಂದಳು.

ಒಡಪು ಮುತ್ತೈದೆಯರು ಹೇಳುವುದು. ಎಲ್ಲರ ಕಣ್ಣೂ ನನ್ನ ಬರಿಗೊರಳಿಗೆ ಬಂದು, ಕೂಡಲೇ ಕೆಳಗಿಳಿದವು. ಯಾರಾದರೂ ಬೈದಿದ್ದರೂ ಚೆನ್ನಾಗಿತ್ತು.

"ಇರ್ಲಿ ಬಿಡು, ಭಾಷಣ ಶುರು ಮಾಡಮ್ಮ," ಅಂದರು ಮೇಡಂ. ಮೊದಲ ಸಾಲೇ ನೆನಪಾಗಲಿಲ್ಲ. ನಿಂತೇ ಇದ್ದೆ. ಕೊನೆಗೆ ಅವರೇ ಬಂದು ಕೈ ಹಿಡಿದು ಕೂರಿಸಿದರು.

ಮನೆಗೆ ಬಂದೆ. "ಹೆಂಗೆ ಮಾತಾಡಿದೆ ಯವ್ವ?" ಎಂದು ನಿಮ್ಮ ಅಮ್ಮ ಬಾಗಿಲಲ್ಲೇ ಕೇಳಿದಳು. "ಚೆನ್ನಾಗೇ ಮಾತಾಡಿದೆ," ಅಂದೆ.

ಮೂರು ದಿನದ ಮೇಲೆ, ಅವಳು ಶಾಲೆಗೆ ಹೋಗಿದ್ದಾಗ, ಮೇಡಂ ನಮ್ಮ ಮನೆಗೇ ಬಂದರು. "ಕೆಲಸ ಇನ್ನೂ ಯಾರಿಗೂ ಕೊಟ್ಟಿಲ್ಲ. ಈ ಶನಿವಾರ ಮತ್ತೆ ಬಾ. ಹೆಸರು ಗಿಸರು ಏನೂ ಬ್ಯಾಡ, ಬರೀ ಭಾಷಣ ಮಾಡು," ಅಂದರು. ಹೂಂ ಎಂದು ತಲೆಯಾಡಿಸಿದೆ. ಹೋಗಲಿಲ್ಲ. ಆ ಸಂಜೆ ಒಳ್ಳೆ ಸೀರೆ ಉಟ್ಟು ಹಿತ್ತಿಲ ಬಾಗಿಲಲ್ಲಿ ಕತ್ತಲಾಗುವವರೆಗೆ ಕೂತಿದ್ದೆ. ಕೆಲಸ ಬೇರೊಬ್ಬಳಿಗಾಯಿತು.

"ಆ ಮೇಡಂ ತಮಗೆ ಬೇಕಾದೋರಿಗೆ ಕೊಟ್ರು," ಎಂದು ಮಗಳಿಗೆ ಹೇಳಿದೆ.

ಬೇಸಿಗೆಗೆ ಅವಳ ಶಾಲೆ ಮುಗಿಯಿತು. ಕೂಸನ್ನು ಸೊಂಟಕ್ಕೇರಿಸಿಕೊಂಡು, ಹೈಸ್ಕೂಲಿಗೆ ಹೋಗುವ ಗೆಳತಿಯರನ್ನು ನೋಡುತ್ತಾ ನಿಂತಿರುತ್ತಿದ್ದಳು. ಅಂದಿನಿಂದ ಇಂದಿನವರೆಗೂ ಆ ಮೇಡಂ ಅವಳ ಬಾಯಲ್ಲಿ ಪಾಪಿ. ಅವರು ಸತ್ತಾಗ, "ಆಕೆ ಮಣ್ಣಿಗೆ ನೀನು ಹೋಗಕೂಡ್ದು" ಎಂದು ನನ್ನನ್ನೂ ತಡೆದಳು. ನಾನು ಮನೆಯಲ್ಲೇ ಉಳಿದೆ. ಆಗಲೂ ಬಾಯಿ ಬಿಡಲಿಲ್ಲ.

ಹೇಳಬೇಕೆಂದು ಎಷ್ಟು ಸಲ ಅವಳ ಪಕ್ಕ ಕೂತಿದ್ದೇನೋ. ಆಗಲಿಲ್ಲ, ಇನ್ನು ಆಗುವುದೂ ಇಲ್ಲ. ಈ ಹಾಳೆಗಳನ್ನು ಅವಳಿಗೆ ಓದಲು ಕೊಡಿ. ಸಿಟ್ಟಿನಲ್ಲಿ ಹರಿಯಲು ಹೋದರೆ ಕೈಯಿಂದ ತೆಗೆದುಕೊಂಡು ನಿಮ್ಮ ಹತ್ತಿರವೇ ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ.