ನೇರಲಮಕ್ಕಿಯಿಂದ ಬಂದ ಪ್ರಬಂಧ

ಏಪ್ರಿಲ್ 23ರ ಬೆಳಿಗ್ಗೆ ಎಂಟೂವರೆಗೆ ಸಾಗರದಲ್ಲಿ ಬಸ್ಸಿಳಿದೆ. ಕೃತಕ ಬುದ್ಧಿಮತ್ತೆಯ ಸಂಶೋಧನೆ ರಾಜ್ಯದ ಯಾವ ಭಾಗದಿಂದ ಎಷ್ಟು ಬರುತ್ತಿದೆ ಎಂದು ಎಣಿಸುವ ತಂಡದಲ್ಲಿ ನನಗೆ ಕೆಲಸ. ಬೆಂಗಳೂರಿನ ಪ್ರಬಂಧಗಳಿಗೆ ಪುಟಗಟ್ಟಲೆ ಪಟ್ಟಿ; ಸಾಗರ, ಹೊಸನಗರ, ತೀರ್ಥಹಳ್ಳಿ ಸೇರಿ ನನ್ನ ಕೈಯಲ್ಲಿದ್ದದ್ದು ನಾಲ್ಕೇ ಸಾಲು. ಪ್ರತಿ ವಿಳಾಸಕ್ಕೂ ಹೋಗಿ ನೋಡಿ, ಡಾಂಬರು ರಸ್ತೆಯಿಂದ ಅದರ ದೂರ ಬರೆಯಬೇಕು. ನಾನು ಹೆಜ್ಜೆ ಎಣಿಸಿ ಬರೆಯುತ್ತೇನೆ. ವಿಳಾಸ ಸಿಗದಿದ್ದರೆ ಪ್ರಬಂಧ ಸಹಲೇಖಕರ ಊರಿನ ಲೆಕ್ಕಕ್ಕೆ ಹೋಗುತ್ತದೆ.

ಸಾಗರದ ಎರಡು ಸಾಲು ಮಧ್ಯಾಹ್ನದೊಳಗೆ ಮುಗಿದವು. ಕಾಲೇಜಿನ ಉಪನ್ಯಾಸಕರೊಬ್ಬರು ನಕ್ಕರು: "ಬರಿಯೋರು ಇಲ್ಲೂ ಇದಾರೆ ಮೇಡಂ. ದೊಡ್ಡ ಮಷೀನ್ ಬೇಕಂದ್ರೆ ಬೆಂಗಳೂರಿಗೆ ಕೇಳ್ಬೇಕು. ಕೊಟ್ರೆ ಅವ್ರ ಹೆಸ್ರೂ ಹಾಕ್ಬೇಕು."

ಮರುದಿನ ಹೊಸನಗರದ ಬಸ್ಸು ಹತ್ತಿದೆ. ಅಲ್ಲಿದ್ದದ್ದು ಒಂದೇ ಪ್ರಬಂಧ. ಲೇಖಕಿ ಸುಜಾತ, ವಿಳಾಸ ನೇರಲಮಕ್ಕಿ; ಸಹಲೇಖಕರು ಬೆಂಗಳೂರಿನವರು. ಫೋನಿನ ನಕ್ಷೆಯಲ್ಲಿ ಆ ಊರಿನ ಗುರುತು ಹಿನ್ನೀರಿನ ನಡುವೆ ಬೀಳುತ್ತಿತ್ತು.

"ನೇರಲಮಕ್ಕಿಗೆ ಒಂದು ಟಿಕೆಟ್," ಎಂದೆ.

ಕಂಡಕ್ಟರ್ ನನ್ನನ್ನೇ ನೋಡಿದ. "ಅಲ್ಲಿಗೆ ಬಸ್ಸಿಲ್ಲ ತಂಗಿ. ಮೀನಾಗಿ ಹೋಗ್ಬೇಕು." ಹೊಸನಗರಕ್ಕೆ ಟಿಕೆಟ್ ಹರಿದು ಕೊಟ್ಟ.

ಪಕ್ಕದ ಸೀಟಿನ ನಡುವಯಸ್ಸಿನವರು ನಗಲಿಲ್ಲ. "ಯಾರ ಮನೆಗೆ? ನಮ್ದೂ ಅದೇ ಊರು," ಎಂದರು. ಅವರು ಹುಟ್ಟುವ ಮೊದಲೇ ಆ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿತ್ತಂತೆ. ಸುಜಾತರ ಮನೆಯ ದಾರಿ ಹೇಳಿದ್ದು ಅವರೇ.

ಸುಜಾತ ಪೇಟೆಯಲ್ಲೇ ಇದ್ದರು. ಕಂಪ್ಯೂಟರ್ ಪಾಠ ಮಾಡುತ್ತಾರೆ. ವಿಳಾಸದ ಮಾತೆತ್ತಿದಾಗ ತಲೆಯ ಮೇಲೆ ಕೈಹೊತ್ತರು. "ಅಯ್ಯೋ, ಯಾರಾದ್ರೂ ಊರು ಕೇಳಿದ್ರೆ ನಾವೆಲ್ಲ ಅದನ್ನೇ ಹೇಳೋದು. ಫಾರಂನಲ್ಲೂ ಕೈ ಅದನ್ನೇ ಬರೀತು. ಇದ್ನ ಬೆಂಗ್ಳೂರಿಗೆ ಹಾಕ್ಬೇಡಿ. ತಾಲೂಕಿಗೆ ಒಂದಾದ್ರೂ ಪ್ರಬಂಧ ಇದ್ರೇನೇ ರೆಕಾರ್ಡಿಂಗಿಗೆ ಅನುದಾನ. ನಮ್ಮೂರಿನ ಹನ್ನೊಂದು ಜನರ ಮಾತು ಹಿಡಿದು, ಅವ್ರ ಹಾಗೇ ಮಾತಾಡೋಕೆ ಈ ಫೋನಿಗೆ ಕಲಿಸಿದ್ದೆ. ಹತ್ತು ಜನ ಹೋದ್ರು. ದೊಡ್ಡಜ್ಜಿ ಒಬ್ಳೇ ಉಳಿದಿರೋದು."

ದೊಡ್ಡಜ್ಜಿ ಗಿರಿಜಮ್ಮ ಬಾಗಿಲ ಬಳಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ನಾನೆಲ್ಲಿಗೂ ಹೊರಟಿಲ್ಲ ಮಾರಾಯ್ತಿ," ಎಂದರು.

ಸುಜಾತ ಫೋನಿನಲ್ಲಿ ನೇರಲಮಕ್ಕಿಯ ದಾರಿ ಕೇಳಿದರು. ಗಂಡು ದನಿಯೊಂದು ನಿಧಾನವಾಗಿ ಹೇಳಿತು: "ರಸ್ತೆ ಬಿಟ್ಟು ಕೆಳಗಿಳಿ. ಹುಣಸೆ ಮರದತ್ರ ಎಡಕ್ಕೆ ತಿರುಗು. ಕಲ್ಲು ಮೆಟ್ಲು ಸಿಗ್ತದೆ."

"ಎಡಕ್ಕಲ್ಲ, ಬಲಕ್ಕೆ!" ಗಿರಿಜಮ್ಮ ಗದರಿದರು. ಸುಣ್ಣದ ಬೆರಳಿನಿಂದ ಗಾಳಿಯಲ್ಲೇ ದಾರಿ ಗೀರಿ ನೋಡಿದರು. "ಅಲ್ಲ, ಎಡಕ್ಕೇ. ಬಲಕ್ಕೆ ಹೋದ್ರೆ ಸುಡುಗಾಡು. ಇದು ನಮ್ಮಣ್ಣನ ಗಂಟ್ಲು."

ಸುಜಾತ ಫೋನನ್ನು ಕೆಳಗಿಟ್ಟರು. "ನಾನು ದಾರಿ ಯಾರನ್ನೂ ಕೇಳಿರ್ಲಿಲ್ಲ. ಅಡುಗೆ, ಗದ್ದೆಕೆಲ್ಸ, ಅಷ್ಟೇ ರೆಕಾರ್ಡ್ ಮಾಡಿದ್ದು."

ಬರೆದ ವಿಳಾಸವನ್ನೇ ನೋಡಬೇಕಿದ್ದರಿಂದ ಮೂವರೂ ಆಟೋದಲ್ಲಿ ಹೊರಟು, ಮೂರು ಗಂಟೆಗೆ ಡಾಂಬರು ಮುಗಿಯುವಲ್ಲಿ ಇಳಿದೆವು. ಬಿಸಿಲು ಸುಡುತ್ತಿತ್ತು, ಗಾಳಿಯಿಲ್ಲ. ನೀರು ಬಹಳ ಇಳಿದಿತ್ತು. ಸತ್ತ ಮರಗಳು ಬೆಳ್ಳಗೆ ನಿಂತಿದ್ದವು. ಒಂದು ಹಕ್ಕಿಯೂ ಕೂಗಲಿಲ್ಲ. ಗಿರಿಜಮ್ಮ ಸುಜಾತರ ತೋಳು ಹಿಡಿದರು. ನಾನು ಎಣಿಸುತ್ತ ನಡೆದೆ. ನೂರಾ ನಲವತ್ತಕ್ಕೆ ಕೆಸರಿನಲ್ಲಿ ದಪ್ಪ ಬೊಡ್ಡೆಯೊಂದು. "ಹುಣಸೆ," ಎಂದರು ಗಿರಿಜಮ್ಮ. ಎಡಕ್ಕೆ ತಿರುಗಿದೆವು. ಇನ್ನೂರಾ ಹನ್ನೆರಡಕ್ಕೆ ಕಲ್ಲಿನ ಮೆಟ್ಟಿಲು. ನಾಲ್ಕು ಒಣಗಿದ್ದವು, ಐದನೆಯದು ನೀರೊಳಗಿತ್ತು. ಅದರಾಚೆ ಬರೀ ಕಪ್ಪು.

ಯಾರೂ ಏನೂ ಕೇಳಿರಲಿಲ್ಲ. ಸುಜಾತರ ಕೈಯಲ್ಲಿದ್ದ ಫೋನು ತಾನಾಗಿಯೇ ಮಾತಾಡಿತು: "ಇನ್ನು ನೂರು ಹೆಜ್ಜೆ. ಬಾಗ್ಲು ತೆಗ್ದೇ ಇದೆ."

ಸುಜಾತ ಅದನ್ನು ಆರಿಸಿ ಸೆರಗಿನಲ್ಲಿ ಸುತ್ತಿದರು. ಗಿರಿಜಮ್ಮ ಮಾತ್ರ ಚಪ್ಪಲಿ ಬಿಟ್ಟು ನೀರಿಗೆ ಕಾಲಿಟ್ಟು ನನ್ನತ್ತ ತಿರುಗಿದರು. "ಕಾಲು ತೊಳ್ಕ. ಮನೆಗೆ ಬಂದೋರು ಹಾಗೇ ನಿಲ್ಬಾರ್ದು."

ತೊಳೆದುಕೊಂಡೆ. ಆ ಬಿಸಿಲಿನಲ್ಲೂ ನೀರು ಕೊರೆಯುತ್ತಿತ್ತು.

25ಕ್ಕೆ ತೀರ್ಥಹಳ್ಳಿಯ ಸಾಲನ್ನೂ ಮುಗಿಸಿ, ಹೋಟೆಲಿನಲ್ಲಿ ನೀರುದೋಸೆ ತಿನ್ನುವಾಗ ತಂಡದ ಮುಖ್ಯಸ್ಥರ ಕರೆ ಬಂತು.

"ನೇರಲಮಕ್ಕಿ ಸಿಕ್ತೇನಮ್ಮಾ? ಇಲ್ದಿದ್ರೆ ಬೆಂಗ್ಳೂರಿಗೆ ಹಾಕ್ಬಿಡು."

"ಸಿಕ್ತು ಸರ್."

"ರಸ್ತೆಯಿಂದ ದೂರ?"

ಪುಸ್ತಕದಲ್ಲಿ ಇನ್ನೂರಾ ಹನ್ನೆರಡು ಎಂದಿತ್ತು. "ಮುನ್ನೂರಾ ಹನ್ನೆರಡು ಹೆಜ್ಜೆ," ಎಂದೆ.

ನಡೆಯದ ಹೆಜ್ಜೆಗಳನ್ನು ನಾನು ಲೆಕ್ಕಕ್ಕೆ ಸೇರಿಸಿದ್ದು ಅದೇ ಮೊದಲು. ಅಂಕಿ ತಿದ್ದಿ, ಹೊಸನಗರದ ಎದುರು ಒಂದು ಎಂದು ಬರೆದು ಶಿವಮೊಗ್ಗದ ಬಸ್ಸು ಹತ್ತಿದೆ.