ಪಬ್ಬಿನ ಕಲ್ಲಿನ ಗೋಡೆ

ಗೆಳೆಯರೇ, ಈ ಕಥೆಯನ್ನು ಮೊದಲು ಹೇಳಿದವಳು ನಮ್ಮ ಚಿಕ್ಕಮ್ಮ ಗಂಗವ್ವ ಕಾಕು, ನಿನ್ನೆ ಸಂಜೆ, ಸಾಸ್ತೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು.

ಅಳಿಯ ಆಕೆಯನ್ನು ಉಮರ್ಗಾದ ಹೊರಗೆ ಹೊಸದಾಗಿ ತೆರೆದ ಇಂಗ್ಲಿಷ್ ಪಬ್ಬಿಗೆ ಊಟಕ್ಕೆ ಕರೆದೊಯ್ದಿದ್ದ. ಕಾಕು ಬಾಗಿಲಲ್ಲೇ ನಿಂತಳು. ಸುತ್ತ ಕರಿಕಲ್ಲಿನ ಗೋಡೆ, ತಲೆಯ ಮೇಲೆ ದಪ್ಪ ತೊಲೆ. ತೊಂಬತ್ತಮೂರರಲ್ಲಿ ನಮ್ಮೂರನ್ನೇ ಕೆಡವಿದ ಭೂಕಂಪದಲ್ಲಿ ಇಂಥದೇ ಕಲ್ಲಿನ ಮನೆ ಆಕೆಯ ಅವ್ವನ ಮೇಲೆ ಬಿದ್ದಿತ್ತು. ಅಂದಿನಿಂದ ಆಕೆ ಕಲ್ಲಿನ ಮನೆಯೊಳಗೆ ಕೂತಿಲ್ಲ.

“ನಾ ಒಳಗ ಬರಂಗಿಲ್ಲರೀ ಅಳಿಯಾರ, ನೀವು ಉಣ್ರಿ.”

ಪಬ್ಬಿನ ಮಾಲೀಕ ಓಡಿ ಬಂದ. “ಮಾವಶಿ, ಗೋಡಿ ಬಡದು ನೋಡ್ರಿ.”

ಕಾಕು ಬಡಿದಳು. ಟೊಳ್ಳು ಸದ್ದು.

“ಕಲ್ಲಲ್ಲರೀ, ಥರ್ಮಾಕೋಲ್! ತೊಲಿನೂ ಅದೇ. ಮೈಮ್ಯಾಲ ಬಿದ್ರ ಗೊತ್ತೂ ಆಗಂಗಿಲ್ಲ.”

“ಹಂಗಾರ ಗೋಡಿಗೇ ಬೆನ್ನ ಹಚ್ಚಿ ಕುಂದರತೀನಿ,” ಎಂದ ಕಾಕು ಎರಡು ತಾಸು ಏಳಲೇ ಇಲ್ಲವಂತೆ. “ಅವರ ಇಂಗ್ಲಿಷ್ ಊಟದ ಬಟಾಟಿ ಸಪ್ಪಗಿತ್ತು ಖರೆ, ಗೋಡಿ ಮಾತ್ರ ಭಾಳ ಛಂದ!”

ಇವತ್ತು ಬೆಳಿಗ್ಗೆ, ಕಥೆ ಕೇಳಿದ ಐವರು ಮುದುಕಿಯರು ಇಳಕಲ್ ಸೀರೆ ಉಟ್ಟು ಉಮರ್ಗಾದ ಮೊದಲ ಬಸ್ಸಿಗೆ ನಿಂತಿದ್ದರು. “ಒಮ್ಮಿ ಕಲ್ಲಿನ ಮನ್ಯಾಗ ಅಂಜಿಕಿ ಇಲ್ಲದ ಕುಂದರಬೇಕಪ್ಪಾ,” ಎಂದರು.

ಪಬ್ಬು ತೆರೆಯುವುದು ಮಧ್ಯಾಹ್ನಕ್ಕೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.